ಬಲಗೆನ್ನೆ ಇಂಗ್ಲೆಂಡಿನಲ್ಲಿ, ಎಡಗೆನ್ನೆ ಬೋವಿಕಾನದಲ್ಲಿ

ನಮ್ಮ ಭಾವನ ಮುಖದಲ್ಲಿರುವ ಕೂದಲಿಗಿಂತ ಅವರ ಪೆಟ್ಟಿಗೆಯಲ್ಲಿರುವ ರೇಜರ್‌ಗಳೇ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ನಾನೇನೂ ಎರಡನ್ನೂ ಎಣಿಸಿ ನೋಡಿದವನಲ್ಲ. ಆದರೆ ಎರಡನ್ನೂ ಹತ್ತಿರದಿಂದ ಬಲ್ಲೆ. ಗಡ್ಡವೆಂದರೆ ಅಲ್ಲೊಂದು ಇಲ್ಲೊಂದು, ಮಾತುಬಿಟ್ಟ ದಾಯಾದಿಗಳ ಹಾಗೆ ದೂರ ದೂರ ನಿಂತಿರುವ ಕೂದಲು. ರೇಜರ್ ಮಾತ್ರ ಆ ಮನೆಯಲ್ಲಿ ಎಲ್ಲಿ ಕೈ ಹಾಕಿದರೂ ಒಂದು! ಗೋದ್ರೇಜಿನಲ್ಲಿ, ಪುಸ್ತಕದ ಕಪಾಟಿನಲ್ಲಿ, ಕೊನೆಗೆ ಅಕ್ಕನ ಸಾಸಿವೆ ಡಬ್ಬಿಯಲ್ಲೂ ಒಮ್ಮೆ ಸಿಕ್ಕಿತ್ತು. ಒಗ್ಗರಣೆಗೆ ಬೀಳುವ ಮೊದಲೇ ಅಕ್ಕ ನೋಡಿದಳು, ಪುಣ್ಯ.

ರೇಜರ್ ಎಂದರೆ ಈಗಿನವರು ಎರಡು ದಿನ ಬಳಸಿ ಎಸೆಯುವ ಪ್ಲಾಸ್ಟಿಕ್ ಕಡ್ಡಿ ಅಂದುಕೊಳ್ಳಬೇಡಿ. ಭಾವನ ಎದುರು ಹಾಗೆ ಹೇಳಿದರೆ ಆ ದಿನದ ಕಾಫಿ ನಿಮಗೆ ಸಿಗಲಿಕ್ಕಿಲ್ಲ. ಇವು ನಮ್ಮ ಅಜ್ಜಂದಿರ ಕಾಲದವು. ಹಿತ್ತಾಳೆಯವು, ಉಕ್ಕಿನವು, ಎರಡು ಬಾಯಿಯ ಬ್ಲೇಡನ್ನು ಒಳಗಿಟ್ಟು ಹಿಡಿ ತಿರುಗಿಸಿ ಬಿಗಿಮಾಡುವಂಥವು. ಕೆಲವಕ್ಕೆ ಬುಡ ತಿರುಗಿಸಿದರೆ ತಲೆಯ ಮೇಲೆ ಎರಡು ಪುಟ್ಟ ಬಾಗಿಲು ತೆರೆದುಕೊಳ್ಳುತ್ತವೆ. ಭಾವ ಆ ಬಾಗಿಲು ತೆರೆಯುವುದನ್ನು ನೀವು ನೋಡಬೇಕು. ಒಳಗೆ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎನ್ನುವಷ್ಟು ಮೆಲ್ಲಗೆ.

ಪ್ರತಿಯೊಂದು ದಿನಕ್ಕೂ ಒಂದೊಂದು ದೇಶ. ಸೋಮವಾರ ಜರ್ಮನಿಯ ರೇಜರ್, ಬುಧವಾರ ಇಂಗ್ಲೆಂಡಿನದು, ಗುರುವಾರ ಅಮೆರಿಕದ್ದು, ಶನಿವಾರ ಎಲ್ಲಿಯದೆಂದು ತಿಳಿಯದ ಒಂದು ಅನಾಥ ರೇಜರ್, ಭಾನುವಾರ ನಮ್ಮ ದೇಶದ್ದೇ. ಮಂಗಳವಾರ ಮತ್ತು ಶುಕ್ರವಾರ ಗಡ್ಡ ತೆಗೆಯಬಾರದೆಂಬುದು ಅಕ್ಕನ ಕಾನೂನು. ಆ ದಿನಗಳಲ್ಲಿ ಭಾವ ನಿಂಬೆಹಣ್ಣಿನ ಹೋಳು ಹಿಡಿದು ರೇಜರ್‌ಗಳಿಗೇ ಸ್ನಾನ ಮಾಡಿಸುತ್ತಾರೆ.

ಅವರ ಕ್ಷೌರದ ವೈಭವವನ್ನು ಹೇಗೆ ಹೇಳಲಿ! ಅಂಗಳದ ಪೇರಳೆ ಮರಕ್ಕೆ ಒಂದು ಕನ್ನಡಿ, ಅದರ ಬುಡದಲ್ಲಿ ಕೆಂಪುಕಲ್ಲಿನ ಒಂದು ಕಟ್ಟೆ. ಹಿತ್ತಾಳೆ ಬಟ್ಟಲಿನಲ್ಲಿ ಬಿಸಿನೀರು. ಆ ಹೊತ್ತಿಗೆ ಗುಡ್ಡದಿಂದ ಮಂಜು ಇನ್ನೂ ಇಳಿಯುತ್ತಿರುತ್ತದೆ, ನೀರಿನ ಹಬೆ ಮೇಲೇರುತ್ತಿರುತ್ತದೆ, ಎರಡೂ ಸೇರುವ ಜಾಗದಲ್ಲಿ ಭಾವನ ಮುಖ. ಬ್ರಶ್ಶು ಸಾಬೂನಿನ ಮೇಲೆ ಸುತ್ತುತ್ತಾ ಸುತ್ತುತ್ತಾ ನೊರೆ ಏಳುವಾಗ ಅವರ ಕಣ್ಣು ಅರ್ಧ ಮುಚ್ಚುತ್ತದೆ. ಮತ್ತೆ ಅವರು ನಮ್ಮೊಂದಿಗಿಲ್ಲ.

"ಭಾವ ಎಲ್ಲಿ?" ಎಂದು ಬುಧವಾರ ಬೆಳಿಗ್ಗೆ ನಾನು ಕೇಳಿದರೆ ಅಕ್ಕ ದೋಸೆ ಕಲ್ಲಿನಿಂದ ತಲೆ ಎತ್ತದೆ ಹೇಳುತ್ತಾಳೆ:

"ಇಂಗ್ಲೆಂಡಿನಲ್ಲಿದ್ದಾರೆ. ಬಲಗೆನ್ನೆ ಮುಗಿದ ಮೇಲೆ ಬರ್ತಾರೆ, ಕೂತ್ಕೋ."

ಹುಡುಗಾಟವಲ್ಲ. ನಿಜಕ್ಕೂ ಹೋಗುತ್ತಿದ್ದರು. ಇಂಗ್ಲೆಂಡಿನ ರೇಜರ್ ಕೆನ್ನೆಗೆ ತಾಗಿದೊಡನೆ ಅವರಿಗೆ ಒಬ್ಬ ಹಡಗಿನ ಕಪ್ತಾನ ಕಾಣುತ್ತಿದ್ದ. ಅಲೆಯ ಮೇಲೆ ಹಡಗು ಓಲಾಡುತ್ತಿದೆ, ಕಪ್ತಾನ ಕಾಲು ಅಗಲಿಸಿ ನಿಂತು ಗಡ್ಡ ತೆಗೆಯುತ್ತಿದ್ದಾನೆ, ಕಿಟಕಿಯಾಚೆ ನೀಲಿ ಬಿಟ್ಟರೆ ಬೇರೇನೂ ಇಲ್ಲ. ಜರ್ಮನಿಯದಕ್ಕೆ ಒಬ್ಬ ಪಿಟೀಲಿನ ಮೇಷ್ಟ್ರು. ಹೊರಗೆ ಹಿಮ, ಒಳಗೆ ಒಲೆ. ಅಮೆರಿಕದ್ದಕ್ಕೆ ಮದುವೆಯ ದಿನದ ಮದುಮಗ. ಗಡಿಬಿಡಿಯಲ್ಲಿ ಗಲ್ಲ ಕೊಯ್ದುಕೊಂಡ, ಹಾಗೆಯೇ ಮದುವೆಯಾದ, ಆ ಗುರುತು ಮಾಯಲೇ ಇಲ್ಲ. ಕಾಸರಗೋಡು ಜಿಲ್ಲೆ ದಾಟಿ ಮಂಗಳೂರಿಗಿಂತ ಆಚೆ ಹೋದರೆ ಹೊಟ್ಟೆ ಕೆಡುವ ಮನುಷ್ಯ ದಿನಕ್ಕೊಂದು ಸಮುದ್ರ ದಾಟುತ್ತಿದ್ದರು!

"ಇದೆಲ್ಲ ನಿಮಗೆ ಹೇಗೆ ಗೊತ್ತು ಭಾವ?"

"ಹಿಡಿದು ನೋಡು ಮಾರಾಯ. ಹಿಡಿ ಸವೆದ ಜಾಗದಲ್ಲಿ ಬೆರಳು ಇಟ್ಟು ನೋಡು. ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಅಲ್ಲಿಗೆ ಬಂದಿದ್ದಾನೆ. ನಿನಗೆ ಎಂತದ್ದೂ ಕಾಣುದಿಲ್ವಾ?"

ನನಗೆ ಕಂಡದ್ದು ತುಕ್ಕು.

ಇಷ್ಟೆಲ್ಲ ರೇಜರ್ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ಭಾವ ಮೃಗಾಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಇನ್ಸ್‌ಪೆಕ್ಟರು. ದನಗಳಿಗೆ ಆ ಭೇದ ತಿಳಿಯದ ಕಾರಣ ಊರಿನವರಿಗೂ ಅವರು ಡಾಕ್ಟ್ರೇ. ಅವರ ಕೈಗುಣ ಅಂಥದ್ದು. ಅಡ್ಡ ನಿಂತ ಕರುವನ್ನು ಒಳಗೇ ತಿರುಗಿಸಿ ನೆಟ್ಟಗೆ ಮಾಡುವ ಕೈ ಸುತ್ತಿನ ನಾಲ್ಕು ಪಂಚಾಯತಿನಲ್ಲಿ ಅದೊಂದೇ ಎಂದು ಜನ ಹೇಳುತ್ತಿದ್ದರು. ಆ ಕೈ ಕರೆದಲ್ಲಿಗೆ ಹೋಗುತ್ತಿತ್ತು. ಕಣ್ಣು ಮಾತ್ರ ಆ ಮನೆಯ ಅಟ್ಟದ ಮೇಲೆ.

ಒಮ್ಮೆ ಎಣ್ಮಕಜೆಯ ಕಡೆ ಒಂದು ದನ ಕರು ಹಾಕಲಾರದೆ ಒದ್ದಾಡುತ್ತಿತ್ತಂತೆ. ಭಾವನ ಬಲಗೈ ಭುಜದವರೆಗೆ ದನದ ಹೊಟ್ಟೆಯೊಳಗೆ. ಮನೆಯವರೆಲ್ಲ ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದಾರೆ. ಭಾವ ತಲೆ ಎತ್ತಿ, ಬಹಳ ಗಂಭೀರವಾಗಿ, ಯಜಮಾನರನ್ನು ಕೇಳಿದರಂತೆ:

"ನಿಮ್ಮ ಅಜ್ಜ ಗಡ್ಡ ತೆಗೀತಿದ್ರಾ?"

ಯಜಮಾನರು ಕಂಗಾಲು! ಇದು ದನದ ಕಾಯಿಲೆಗೆ ಸಂಬಂಧಪಟ್ಟ ಪ್ರಶ್ನೆಯೇ ಇರಬೇಕೆಂದು ಅಂದಾಜಿಸಿ, ಅಟ್ಟ ಹತ್ತಿ, ಅಜ್ಜನ ತಗಡಿನ ಡಬ್ಬಿ ಇಳಿಸಿದರು. ಇತ್ತ ಕರು ಹೊರಗೆ ಬಂತು, ಅತ್ತ ರೇಜರ್ ಕೆಳಗೆ ಬಂತು. ಭಾವ ಮೊದಲು ಯಾವುದನ್ನು ಒರೆಸಿದರು ಎಂಬುದರ ಬಗ್ಗೆ ಆ ಮನೆಯಲ್ಲಿ ಈಗಲೂ ಎರಡು ಅಭಿಪ್ರಾಯ ಉಂಟು.

ಇನ್ನೊಂದು ಸಲ ನಾಯ್ಮಾರ್ಮೂಲೆಯ ಗುಜರಿ ಅಂಗಡಿ. ಗಲ್ಫಿನಿಂದ ವಾಪಸಾದವರ ಹಳೆ ಪೆಟ್ಟಿಗೆಗಳು ಕೊನೆಗೆ ಬಂದು ಸೇರುವ ಜಾಗ ಅದು. ಅಂಗಡಿಯ ಯಜಮಾನ ಕಾಕ ಭಾವನಿಗಾಗಿಯೇ ರೇಜರ್ ಸಿಕ್ಕರೆ ಎತ್ತಿಡುತ್ತಿದ್ದರು. ಭಾವ ಹೋಗುವ ಮೊದಲು ಎರಡು ದಿನ ಗಡ್ಡ ತೆಗೆಯುತ್ತಿರಲಿಲ್ಲ. ಯಾಕೆಂದರೆ ರೇಜರನ್ನು ಅಲ್ಲೇ, ಸ್ಪಿರಿಟ್ಟಿನಲ್ಲಿ ತೊಳೆದು, ಪರೀಕ್ಷೆ ಮಾಡಿಯೇ ತರುವುದು.

"ಡಾಕ್ಟ್ರೇ, ಎಲ್ಲರೂ ನನ್ನಲ್ಲಿ ಕಬ್ಬಿಣಕ್ಕೆ ಬರ್ತಾರೆ. ಕ್ಷೌರಕ್ಕೆ ಬರುದು ನೀವೊಬ್ರೇ!" ಎಂದು ಕಾಕ ನಗುತ್ತಿದ್ದರು.

"ಗದ್ದೆ ಇಲ್ಲದೆ ನೇಗಿಲು ಪರೀಕ್ಷೆ ಮಾಡ್ಲಿಕ್ಕೆ ಆಗ್ತದಾ ಕಾಕ?"

ಆ ದಿನ ಬಲಗೆನ್ನೆ ಮುಗಿದು ಎಡಗೆನ್ನೆಗೆ ನೊರೆ ಹಚ್ಚುವಷ್ಟರಲ್ಲಿ ಬಸ್ಸು ಬಂದುಬಿಟ್ಟಿತು. ಭಾವ ಹಾಗೆಯೇ ಹತ್ತಿದರು. ಬಲಬದಿಯಲ್ಲಿ ಕೂತವರು ಮನೆಗೆ ಹೋಗಿ ಡಾಕ್ಟ್ರು ಮದುವೆಗೆ ಹೊರಟ ಹಾಗಿದ್ದರು ಎಂದರು. ಎಡಬದಿಯವರು, "ಪಾಪ, ಹುಷಾರಿಲ್ಲ ಕಾಣ್ತದೆ" ಎಂದರು. ಮರುದಿನ ನನ್ನ ಅಂಗಡಿಗೆ ಎರಡೂ ಸುದ್ದಿ ಒಟ್ಟಿಗೆ ಬಂದವು.

ನನ್ನ ಅಂಗಡಿ ಎಂದರೆ ಬೋವಿಕಾನ ಪೇಟೆಯ ಝೆರಾಕ್ಸ್ ಅಂಗಡಿ. ಊರಿನವರು ಕಾಗದದ ಒಂದು ಪ್ರತಿ ತೆಗೆಸಲು ಬಂದು ಸುದ್ದಿಯ ಹತ್ತು ಪ್ರತಿ ಕೊಂಡುಹೋಗುತ್ತಾರೆ. ಹಾಗಾಗಿ ವೃಶ್ಚಿಕ ಮಾಸದಲ್ಲಿ, ಅಂದರೆ ನವೆಂಬರಿನ ನಡುವಿನಲ್ಲಿ, ಭಾವ ಗಡ್ಡ ಬಿಡಲು ಸುರುಮಾಡಿದಾಗ ಅದರ ಬಿಸಿ ಮೊದಲು ತಟ್ಟಿದ್ದು ನನಗೇ.

ಯೋಚಿಸಿ ನೋಡಿ. ಮೂವತ್ತು ವರ್ಷ ವಾರಕ್ಕೆ ಐದು ದೇಶ ಸುತ್ತಿದ ಮುಖದಲ್ಲಿ ಏಕಾಏಕಿ ತೆಳ್ಳನೆಯ ಬಿಳಿ ಗಡ್ಡ! ನಮ್ಮ ಕಡೆ ಗಡ್ಡ ಬಿಡುವುದಕ್ಕೆ ಕಾರಣ ಬೇಕು. ಸುಮ್ಮನೆ ಬಿಡುವುದಿಲ್ಲ. ಮನೆಯಲ್ಲಿ ಸೂತಕ ಬಂದರೆ ಬಿಡುತ್ತಾರೆ. ಮೊದಲ ವಾರದಲ್ಲೇ ಮೂವರು ಮುಖ ಸಣ್ಣ ಮಾಡಿಕೊಂಡು ಭಾವನ ಮನೆಗೆ ಹೋದರು. ಯಾರು ತೀರಿಕೊಂಡದ್ದು ಎಂದು ಬಾಯಿಬಿಟ್ಟು ಕೇಳುವುದು ಸರಿಯಲ್ಲವೆಂದು ಸುಮ್ಮನೆ ಜಗಲಿಯಲ್ಲಿ ಕೂತರು. ದನದ ವಿಷಯ ಇರಬೇಕು, ತಾವಾಗಿ ಹೇಳಲಿ ಎಂದು ಭಾವನೂ ಸುಮ್ಮನೆ ಕೂತರು. ಅಕ್ಕ ಕಾಫಿ ತಂದಳು. ಸೂತಕದ ಮನೆಯಲ್ಲಿ ಕುಡಿಯುವುದುಂಟೇ? ಬೇಡ ಎಂದು ಕೈಮುಗಿದರು. ಅರ್ಧ ಗಂಟೆ ಕೂತು, "ಬರ್ತೇವೆ" ಎಂದೂ ಹೇಳದೆ ಎದ್ದುಹೋದರು.

"ನನ್ನ ಕಾಫಿಗೆ ಎಂತ ಆಗಿದೆ?" ಎಂದು ಅಕ್ಕ ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಊರಿಡೀ ಕುಡಿದ ಕಾಫಿ ಅದು!"

ಹನ್ನೆರಡು ದಿನ ಕಳೆದರೂ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕರೆ ಬರದಿದ್ದಾಗ ಊರು ಎರಡನೆಯ ಕಾರಣಕ್ಕೆ ಹೋಯಿತು. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದೆಂಬ ಕ್ರಮ ನಮ್ಮ ಹಲವು ಮನೆಗಳಲ್ಲಿ ಉಂಟು. ಹೋಟೆಲಿನ ಭಟ್ಟರು ನನ್ನ ಅಂಗಡಿಗೆ ಬಂದು, ಎರಡೂ ಬದಿ ನೋಡಿ, ಕಿವಿಯ ಹತ್ತಿರ ಬಾಗಿ ಕೇಳಿದರು:

"ಅಲ್ಲ ಮಾರಾಯ, ನಿನ್ನ ಅಕ್ಕನಿಗೆ ಈಗ ಎಷ್ಟು ತಿಂಗಳು?"

ಅಕ್ಕನಿಗೆ ಅರುವತ್ತನಾಲ್ಕು ವರ್ಷ! ಇದನ್ನು ಹೇಳಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕವಳು ಸಂಜೆಯವರೆಗೂ ನಿಲ್ಲಿಸಲಿಲ್ಲ.

ಮೂರನೆಯದು ಅಯ್ಯಪ್ಪ. ಮಂಡಲದ ಕಾಲ, ಬಿಳಿ ಗಡ್ಡ, ಸಾಲದೆ ಭಾವನ ಆ ಕನಸುಗಣ್ಣು. ಪೇಟೆಯಲ್ಲಿ ಜನ "ಸ್ವಾಮೀ" ಎಂದು ದಾರಿ ಬಿಡತೊಡಗಿದರು. ಭಾವ ಈ ಕಾರಣವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಕೈ ಮಾತ್ರ ಮುಗಿದರು. ಆದರೆ ಮಾಲೆ ಇಲ್ಲ, ಇರುಮುಡಿ ಇಲ್ಲ, ಮಕರ ಸಂಕ್ರಾಂತಿಯೂ ಹೋಯಿತು. ಗಡ್ಡ ಮಾತ್ರ ಉಳಿಯಿತು.

ಮಾರನೆಯ ವಾರ ಒಂದು ಬೆಳಿಗ್ಗೆ ಏನೋ ಕೆಲಸಕ್ಕೆ ನಾನು ಹಿಂದಿನ ದಾರಿಯಿಂದ ಅವರ ಅಂಗಳಕ್ಕೆ ಬಂದೆ. ಮಂಜು ಇತ್ತು. ಪೇರಳೆ ಮರದ ಕೆಳಗೆ ಭಾವ ಯಾವತ್ತಿನ ಹಾಗೆ ಕನ್ನಡಿಯ ಎದುರು ಕೂತಿದ್ದರು. ಗಡ್ಡದ ತುಂಬ ನೊರೆ. ಬುಧವಾರ, ಹಾಗಾಗಿ ಕೈಯಲ್ಲಿ ಇಂಗ್ಲೆಂಡಿನ ರೇಜರ್. ಅವರು ಅದನ್ನು ಮೆಲ್ಲಗೆ ಕೆನ್ನೆಯ ಹತ್ತಿರ ತಂದರು. ಕೈ ನಡುಗಿತು. ಕೆಳಗಿಳಿಸಿದರು. ಇನ್ನೊಮ್ಮೆ ಎತ್ತಿದರು. ಮತ್ತೆ ನಡುಗಿತು. ಇಳಿಸುವಾಗ ರೇಜರ್ ಹಿತ್ತಾಳೆ ಬಟ್ಟಲಿಗೆ ಟಕಟಕ ಬಡಿಯಿತು. ಆಮೇಲೆ ನೊರೆಯನ್ನೆಲ್ಲ ತೊಳೆದು, ತೆಗೆಯದ ಗಡ್ಡವನ್ನು ಟವೆಲಿನಲ್ಲಿ ಒರೆಸಿಕೊಂಡರು.

ಕನ್ನಡಿಯೊಳಗೆ ನನ್ನನ್ನು ಕಂಡರು.

"ಎರಡು ತಿಂಗಳಾಯ್ತು," ಎಂದರು. "ಕಾಸರಗೋಡಿನಲ್ಲಿ ತೋರಿಸಿದ್ದೇನೆ. ಮಾತ್ರೆ ಕೊಟ್ಟಿದ್ದಾರೆ. ಕಡಮೆ ಆದೀತು, ಪೂರ್ತಿ ಹೋಗ್ಲಿಕ್ಕಿಲ್ಲ ಅಂತ ಹೇಳಿದ್ರು."

"ದಿನಾ ಹೀಗೆ ನೊರೆ ಹಚ್ಚಿ ತೊಳೀತೀರಾ?"

"ಹಚ್ಚದಿದ್ರೆ ನಿನ್ನ ಅಕ್ಕ ಕೇಳ್ತಾಳಲ್ವಾ? ಈಗಾದ್ರೆ ದೂರದಿಂದ ನೋಡಿ, ಗಡ್ಡಕ್ಕೆ ಎಂತದೋ ಉಪಚಾರ ಮಾಡ್ತಿದ್ದಾರೆ ಅಂತ ಸುಮ್ಮನಿದ್ದಾಳೆ. ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಪೆಟ್ಟಿಗೆಗೆ ಬೀಗ ಹಾಕ್ತಾಳೆ. ಕೈ ಹೋದ್ರೆ ಹೋಗ್ಲಿ ಮಾರಾಯ. ಬೆಳಿಗ್ಗೆಯ ಈ ಹೊತ್ತು ಹೋಗ್ಬಾರ್ದು."

ನನಗೆ ಎಣ್ಮಕಜೆಯ ಕರು ನೆನಪಾಯಿತು. ಆ ಕೈ ಇದೇ. ನಾನು ವೀರಾವೇಶದಿಂದ ಹೇಳಿದೆ: "ನನ್ನ ಟ್ರಿಮ್ಮರ್ ಉಂಟಲ್ಲ ಭಾವ!"

"ಆ ಹುಲ್ಲು ಕತ್ತರಿಸುವ ಮೆಷಿನ್ನಾ? ಅದು ನಿನ್ನಲ್ಲೇ ಇರ್ಲಿ."

"ಹಾಗಾದ್ರೆ ಸೆಲೂನಿಗೆ ಹೋಗುವ."

"ಅಲ್ಲಿ ಅರ್ಧ ಬ್ಲೇಡು, ಕಾಲು ಮನಸ್ಸು, ಪೂರ್ತಿ ರಾಜಕೀಯ."

"ಸರಿ, ನಾನೇ ತೆಗೀತೇನೆ."

ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಒಪ್ಪಿಸುವ ಮೊದಲು ಪರೀಕ್ಷೆ ಎಂದರು. ಕ್ಷೌರ ಕಲಿಯುವವರು ಉಬ್ಬಿಸಿದ ಬೆಲೂನಿಗೆ ನೊರೆ ಹಚ್ಚಿ ಅದು ಒಡೆಯದ ಹಾಗೆ ರೇಜರ್ ಎಳೆದು ಕೈ ಪಳಗಿಸುತ್ತಾರಂತೆ. ಬೆಲೂನಿಗೆ ನಾವು ಪುಗ್ಗೆ ಎನ್ನುತ್ತೇವೆ. ಮರುದಿನ ನಾನು ಪುಗ್ಗೆಯ ಒಂದು ಪ್ಯಾಕೆಟ್ಟು ಒಯ್ದೆ. ಅಕ್ಕನಿಗೆ ಕಾಣಬಾರದೆಂದು ಇಬ್ಬರೂ ದನದ ಹಟ್ಟಿಯೊಳಗೆ ಸೇರಿಕೊಂಡೆವು. ಇಬ್ಬರು ಗಂಡಸರು, ಒಂದು ದನ, ನೊರೆ ಮೆತ್ತಿದ ಒಂದು ಕೆಂಪು ಪುಗ್ಗೆ!

"ಒತ್ಬೇಡ. ರೇಜರಿನ ಭಾರ ಅದೇ ಹೊರ್ತದೆ. ನೀನು ದಾರಿ ತೋರಿಸಿದ್ರೆ ಸಾಕು," ಎಂದರು ಭಾವ. ಅವರು ಇದನ್ನು ಮದುವೆಯಾದಂದಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದಾರೆ. ಯಾರೂ ಕೇಳಿಸಿಕೊಂಡದ್ದಿಲ್ಲ.

ಢಬ್!

ದನ ಹಗ್ಗ ಜಗ್ಗಿತು. ಎರಡನೆಯದು, ಢಬ್. ಮೂರನೆಯದಕ್ಕೆ ನಾನು ನೊರೆ ಹಚ್ಚುವಾಗಲೇ ಒಡೆಯಿತು. ನಾಲ್ಕನೆಯದಕ್ಕೆ ಅಡುಗೆಮನೆಯಿಂದ ಅಕ್ಕನ ಸ್ವರ ಬಂತು.

"ಎಂತ ಅದು ಶಬ್ದ?"

"ಪಟಾಕಿ!" ಎಂದರು ಭಾವ. "ಎಲೆಕ್ಷನ್ ಗೆದ್ದದ್ದಾಗಿರ್ಬೇಕು!"

"ಈಗ ಯಾವ ಎಲೆಕ್ಷನ್?"

"ಕೇರಳ ಅಲ್ವಾ, ಯಾವುದಾದ್ರೂ ಒಂದು ಇದ್ದೇ ಇರ್ತದೆ!"

ಅಕ್ಕ ಮತ್ತೆ ಕೇಳಲಿಲ್ಲ. ನಮ್ಮ ಬುದ್ಧಿವಂತಿಕೆಗೆ ನಾವೇ ತಲೆದೂಗಿದೆವು. ಆದರೆ ನಾನು ಪರೀಕ್ಷೆಯಲ್ಲಿ ಫೇಲು. ಭಾವ ನನ್ನ ಬೆನ್ನು ತಟ್ಟಿ, "ನೀನು ಝೆರಾಕ್ಸೇ ಮಾಡು," ಎಂದರು. ಹೇಳುವಾಗ ನಗುತ್ತಲೇ ಇದ್ದರು. ನಡುಗುವ ಕೈಯನ್ನು ಉಟ್ಟ ಮುಂಡಿನ ಮಡಿಕೆಯೊಳಗೆ ಇಟ್ಟುಕೊಂಡದ್ದು ನನಗೆ ಕಂಡಿತು. ಆ ದಿನ ಅಂಗಡಿಯಲ್ಲಿ ಯಾರದೋ ರೇಶನ್ ಕಾರ್ಡಿನ ಹನ್ನೆರಡು ಪ್ರತಿ ತೆಗೆದುಬಿಟ್ಟೆ, ಅವರು ಕೇಳಿದ್ದು ಎರಡು.

ಎರಡು ವಾರದ ನಂತರ ಒಂದು ಗುರುವಾರ ಮತ್ತೆ ಹೋದೆ. ಭಾವ ಪೇರಳೆ ಮರದ ಕೆಳಗಿದ್ದರು, ಮಂಜಿನೊಳಗೆ, ಬಟ್ಟಲಿನ ಎದುರು. ಅವರು ನೊರೆ ತೊಳೆಯುವುದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಅಕ್ಕನನ್ನು ಹುಡುಕುತ್ತಾ ಮನೆಯ ಹಿಂಬದಿಗೆ ಹೋದೆ. ಸೌದೆ ಕೊಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೋಡಿದೆ.

ಸೌದೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಪುಗ್ಗೆಗಳು ನೇತಾಡುತ್ತಿದ್ದವು. ಹಳದಿ, ನೀಲಿ, ಹಸಿರು, ಕೆಂಪು. ಹನ್ನೊಂದು. ಒಂದೊಂದರ ಮೇಲೂ ಒಣಗಿದ ನೊರೆಯ ಬಿಳಿ ಗೀರು. ಹೆಂಚಿನ ಸಂದಿಯ ಬೆಳಕಿನಲ್ಲಿ ಅವು ಮೆಲ್ಲಗೆ ತಿರುಗುತ್ತಿದ್ದವು. ಒಂದೂ ಒಡೆದಿರಲಿಲ್ಲ. ಅವುಗಳ ನಡುವೆ ಅಕ್ಕ ನಿಂತಿದ್ದಳು, ಕೈಯಲ್ಲಿ ಸಾಸಿವೆ ಡಬ್ಬಿಯ ಆ ರೇಜರ್, ಎದುರಿಗೆ ಹನ್ನೆರಡನೆಯ ಪುಗ್ಗೆ.

"ಬಾಗಿಲು ಹಾಕು," ಎಂದಳು. "ಗಾಳಿಗೆ ಅಲ್ಲಾಡ್ತದೆ."

ಹಾಕಿದೆ. ಅವಳು ಉಸಿರು ಹಿಡಿದು, ಮೇಲಿಂದ ಕೆಳಗೆ ಒಂದೇ ಎಳೆ ಎಳೆದಳು. ರವಿಕೆಯ ಅಂಚು ಮಡಚಿ ಹೊಲಿದು ಹೊಲಿದು ಪಳಗಿದ ಕೈ. ಪುಗ್ಗೆ ಉಳಿಯಿತು.

"ಅಕ್ಕಾ, ನಿನಗೆ ಯಾವಾಗ ಗೊತ್ತಾಯ್ತು?"

"ವೃಶ್ಚಿಕದಲ್ಲೇ. ಸಾರಿಗೆ ಉಪ್ಪು ಹಾಕಿ ಅಂದೆ, ಚಮಚ ಪಾತ್ರೆಗೆ ಟಕಟಕ ಬಡಿದ ಶಬ್ದ ಕೇಳಿತು. ನಾನೆಂತ ಕಿವುಡಿಯಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

ಅಕ್ಕ ರೇಜರನ್ನು ಸೆರಗಿನಲ್ಲಿ ಒರೆಸಿದಳು. "ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನಾನು ಹೇಗೆ ಬಿಚ್ಚುದು ಹೇಳು? ಎಂತ ಮಾಡುದು ಅಂತಲೂ ಗೊತ್ತಿರ್ಲಿಲ್ಲ. ನೀವು ಹಟ್ಟಿಯಲ್ಲಿ ಎಲೆಕ್ಷನ್ ಗೆದ್ರಲ್ಲ, ನೊರೆ ಮೆತ್ತಿದ ಪುಗ್ಗೆಯ ಚೂರು ಸಿಕ್ಕಿತು, ಆಗ ಗೊತ್ತಾಯ್ತು. ಇವತ್ತು ಹನ್ನೆರಡು ಆಯ್ತು. ಸಾಕು. ನಡಿ."

ಒಂದು ಕೈಯಲ್ಲಿ ಹೊಲಿಗೆಯ ಕತ್ತರಿ, ಇನ್ನೊಂದರಲ್ಲಿ ಬಿಸಿನೀರಿನ ಚೆಂಬು ಹಿಡಿದು ಅವಳು ಅಂಗಳಕ್ಕೆ ಬಂದಳು. ಭಾವ ಗಡಬಡಿಸಿ ಎದ್ದರು. "ಕೂತ್ಕೊಳ್ಳಿ," ಎಂದಳು. ಕೂತರು. ಭಾವ ನನ್ನ ಕಡೆ ನೋಡಿದ ನೋಟದಲ್ಲಿ ನಾನು ಸುಟ್ಟು ಬೂದಿಯಾಗಬೇಕಿತ್ತು. ನಾನು ಹೇಳಿದ್ದಲ್ಲ ಎಂದು ಕೈಸನ್ನೆ ಮಾಡಿದೆ. ಅಕ್ಕ ಯಾವುದನ್ನೂ ಗಮನಿಸದೆ ಮೊದಲು ಕತ್ತರಿಯಿಂದ ಉದ್ದದ ಗಡ್ಡ ಕತ್ತರಿಸಿದಳು, ಆಮೇಲೆ ನೊರೆ ಎಬ್ಬಿಸಿ ಹಚ್ಚಿದಳು. ಕಟ್ಟೆಯ ಮೇಲಿದ್ದ ಪೆಟ್ಟಿಗೆ ತೆರೆದಳು. ಒಳಗೆ ಸಾಲುಸಾಲಾಗಿ ಅಷ್ಟೂ ರೇಜರ್‌ಗಳು, ನನಗೆ ಯಾವುದು ಯಾವುದೆಂದು ಗುರುತು ಸಿಗದಂಥವು. ಅವಳು ಒಂದು ಕ್ಷಣವೂ ತಡವರಿಸದೆ ಒಂದನ್ನು ಎತ್ತಿದಳು.

"ಇವತ್ತು ಗುರುವಾರ. ಅಮೆರಿಕ," ಎಂದಳು. "ಗಲ್ಲ ಕೊಯ್ದುಕೊಂಡ ಮದುಮಗನದ್ದು."

ಭಾವನ ಬಾಯಿ ತೆರೆದದ್ದು ತೆರೆದೇ ಇತ್ತು. "ನಿನಗೆ ಗೊತ್ತುಂಟಾ?"

"ಮೂವತ್ತು ವರ್ಷ ದೋಸೆ ಹೊಯ್ತಾ ಕೇಳಿದ್ದೇನೆ. ಬಾಯಿ ಮುಚ್ಚಿ. ಮೇಲ್ದುಟಿಯ ಹತ್ತಿರ ಮಾತಾಡ್ಬಾರ್ದು ಅಂತ ನೀವೇ ಹೇಳುದು."

ಅವಳು ಅವರ ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು. ಒತ್ತಲಿಲ್ಲ. ರೇಜರಿನ ಭಾರವನ್ನು ಅದಕ್ಕೇ ಬಿಟ್ಟು ದಾರಿ ಮಾತ್ರ ತೋರಿಸಿದಳು. ನೊರೆ ಸರಿದಲ್ಲೆಲ್ಲ ನಮ್ಮ ಹಳೆಯ ಭಾವ ಸ್ವಲ್ಪ ಸ್ವಲ್ಪವೇ ಹೊರಗೆ ಬಂದರು. ತೊಡೆಯ ಮೇಲಿದ್ದ ಅವರ ಬಲಗೈ ನಡುಗುತ್ತಲೇ ಇತ್ತು. ಎಷ್ಟು ದಿನ ನಾನು ಈ ಮನುಷ್ಯನನ್ನು ಊರಿಡೀ ತಮಾಷೆ ಮಾಡಿಕೊಂಡು ತಿರುಗಿದ್ದೇನೆ! ನನಗೆ ನಾಚಿಕೆಯಾಯಿತು, ಅವರ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಭಾವ ಬಿಡಿಸಿಕೊಳ್ಳಲಿಲ್ಲ. ಅವರ ಕಣ್ಣು ಮುಚ್ಚಿತ್ತು. ಬಲಗೆನ್ನೆ ಮುಗಿಯಿತು. ಅಕ್ಕ ರೇಜರನ್ನು ಬಟ್ಟಲಿನಲ್ಲಿ ಅದ್ದಿ, ಅವರ ಮುಖದ ಹತ್ತಿರ ಬಾಗಿ ಮೆಲ್ಲಗೆ ಕೇಳಿದಳು:

"ಎಲ್ಲಿಯವರೆಗೆ ಹೋದಿರಿ?"

ಭಾವ ಕಣ್ಣು ತೆರೆದರು.

"ಎಲ್ಲಿಗೂ ಹೋಗ್ಲಿಲ್ಲ," ಎಂದರು. "ಇಲ್ಲೇ ಇದ್ದೇನೆ."